ಫೈಬರ್ ಕಾರಿನ ಒಂಟಿ ಸೀನು

ನನ್ನ ಗಂಡ ಸಾಯುವ ಹಿಂದಿನ ದಿನ ನಾವಿಬ್ಬರೂ ಅವರೆಕಾಯಿ ತರಲು ಹೋಗಿದ್ದೆವು. ಕಾರಿನಲ್ಲಿ.

ಮೂಡಲಪಾಳ್ಯದಿಂದ ವಿಜಯನಗರ ಮಾರ್ಕೆಟ್ಟಿಗೆ ನಡೆದು ಹೋದರೇ ಬೇಗ. ಆದರೆ ಚಿಕ್ಕಮುನಿಯಪ್ಪನವರಿಗೆ ಕಾರು ತೆಗೆಯಲು ಒಂದು ನೆಪ ಸಾಕಿತ್ತು. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಕಾರು ತೆಗೆದ ಮನುಷ್ಯ. (ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಈಗ ಕೋಪ ಮಾಡಿಕೊಳ್ಳಲು ಅವರಿಲ್ಲ. ಹೇಳುತ್ತೇನೆ.)

ಅದು ಅಂತಿಂಥ ಕಾರಲ್ಲ. ಮೇಲೆ ಟಾಪ್ ಇಲ್ಲ. ಇರುವುದು ಎರಡೇ ಸೀಟು. ಮುಂದೆ ಎರಡು ದುಂಡು ಕಣ್ಣು, ಹಿಂದೆ ಕಪ್ಪೆಯ ಬೆನ್ನು, ಮೈಯೆಲ್ಲ ಹಾಲಿನ ಕೆನೆಯ ಬಣ್ಣ. ಮೈ ಅಂದರೆ ತಗಡಲ್ಲ. ಪೂರ್ತಿ ಫೈಬರ್.

ನಮ್ಮವರ ಕಸುಬೇ ಫೈಬರ್. ನೀರಿನ ಟ್ಯಾಂಕು, ಟೆಂಪೋ ಮೂತಿ, ಪಾರ್ಕಿನಲ್ಲಿ ಕಸ ಹಾಕಲು ಬಾಯಿ ತೆರೆದು ನಿಂತ ಮೊಲ, ಎಲ್ಲವನ್ನೂ ಮನೆಯ ಕೆಳಗಿನ ಶೆಡ್ಡಿನಲ್ಲಿ ಮಾಡುತ್ತಿದ್ದರು. ಬಹಳ ಹಿಂದೆ ಬಾಪೂಜಿ ನಗರದ ಒಂದು ಗ್ಯಾರೇಜಿಗೆ ಯಾವುದೋ ದೇಶದ ಹಳೇ ಕಾರು ರಿಪೇರಿಗೆ ಬಂತು. ಇವರು ಅದನ್ನು ನೋಡಿದರು. ಮನೆಗೆ ಬಂದು ಊಟ ಬಿಟ್ಟರು. ಕಾರಿನ ಸಾಹುಕಾರರಿಗೆ ಕೈ ಮುಗಿದು, ಅದರ ಮೈಯ ಅಚ್ಚು ತೆಗೆದುಕೊಂಡರು. ಆ ಅಚ್ಚಿಗೆ ನಾರಿನ ಬಟ್ಟೆ ಹಾಸಿ, ಅಂಟು ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದು ಒಂದು ಕಾರು ಎಬ್ಬಿಸಿದರು. ಒಳಗೆ ಗುಜರಿಯ ಇಂಜಿನ್. ಕಾಗದ ಪತ್ರಕ್ಕೆ ಅಲೆದದ್ದು ಬೇರೊಂದು ಪುರಾಣ. ಎಲ್ಲ ಮುಗಿದ ಮೇಲೆ ಅಚ್ಚನ್ನು ಸುತ್ತಿಗೆಯಿಂದ ಒಡೆದು ಹಾಕಿದರು.

"ಇಂಥದ್ದು ಪ್ರಪಂಚದಲ್ಲಿ ಇನ್ನೊಂದು ಇರಬಾರ್ದು" ಅಂದರು.

(ನನ್ನನ್ನು ನೋಡಿ ಅವರು ಎಂದೂ ಈ ಮಾತು ಹೇಳಿದವರಲ್ಲ.)

ಅದನ್ನು ಸ್ಪೀಡ್‌ಸ್ಟರ್ ಅನ್ನುತ್ತಾರಂತೆ. ಸ್ಪೀಡು ಹೆಸರಿನಲ್ಲಿ ಮಾತ್ರ. ಹಾಲಿನವನ ಸೈಕಲ್ಲು ನಮ್ಮನ್ನು ದಾಟಿ ಹೋಗುತ್ತಿತ್ತು. ಟ್ರಾಫಿಕ್ ಪೊಲೀಸಿನವರು ಕೈ ಅಡ್ಡ ಹಾಕುತ್ತಿದ್ದರು, ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಕಳಿಸುತ್ತಿದ್ದರು.

ಈ ಮಹಾರಥಕ್ಕೆ ಒಂದು ರೋಗ ಇತ್ತು. ನಿಧಾನ ಮಾಡಿದರೆ ಇಂಜಿನ್ ನಿಲ್ಲುತ್ತಿತ್ತು. ಅದಕ್ಕೆ ಇವರು ಎಡಗಡೆ ಸೀಟಿನ ಮುಂದೆ, ಕೆಳಗೆ, ಇಂಜಿನ್ನಿಗೆ ಪೆಟ್ರೋಲು ಹೆಚ್ಚಿಸುವ ಒಂದು ವೈರು ಬಿಟ್ಟಿದ್ದರು. ಗಾಡಿ ನಿಧಾನ ಆದಾಗಲೆಲ್ಲ ಅದನ್ನು ಒಂದು ಬೆರಳಿನಷ್ಟು ಎಳೆದು ಹಿಡಿಯಬೇಕು. ಹೆಚ್ಚು ಎಳೆದರೆ ಕೆಮ್ಮುತ್ತದೆ. ಬಿಟ್ಟರೆ ಸಾಯುತ್ತದೆ. ಸ್ಟೇರಿಂಗ್ ಅವರದು. ವೈರು ನನ್ನದು.

"ಎಳಿ ಎಳಿ, ಸಿಗ್ನಲ್ ಬಂತು" ಅಂದರು ಆ ದಿನ.

"ಎಳೀತಿದೀನಿ. ಮಡಿಲಲ್ಲಿ ಅವರೆಕಾಯಿ ಮೂಟೆ ಇದೆ, ಕಾಣಲ್ವಾ ನಿಮಗೆ?"

"ಅವರೆಕಾಯಿ ಎಲ್ಲೂ ಓಡೋಗಲ್ಲ. ವೈರ್ ನೋಡ್ಕೊ."

"ಊರೋರ ಟ್ಯಾಂಕೆಲ್ಲಾ ರಿಪೇರಿ ಮಾಡ್ತೀರ. ಇದೊಂದು ವೈರ್ ಸರಿ ಮಾಡಕ್ಕಾಗಲ್ವಾ?"

"ನೀನಿದೀಯಲ್ಲ. ಯಾಕೆ ಸರಿ ಮಾಡ್ಬೇಕು?"

ಪಕ್ಕದಲ್ಲಿ ನಿಂತ ಆಟೋದವನು ಕತ್ತು ಹೊರಗೆ ಹಾಕಿ ಕೇಳಿದ. "ಅಣ್ಣ, ಯಾವ ಕಂಪ್ನಿದು ಗಾಡಿ?"

"ಚಿಕ್ಕಮುನಿಯಪ್ಪ ಅಂಡ್ ಮಿಸೆಸ್" ಅಂದರು ಇವರು, ಕಪ್ಪು ಕನ್ನಡಕ ಸರಿ ಮಾಡಿಕೊಂಡು.

ಆಟೋದವನು ನಕ್ಕ. ನಾನು ನಗಲಿಲ್ಲ. ಅವರೆಕಾಯಿಯಲ್ಲಿ ಹುಳ ಇತ್ತು, ನನಗೆ ಆ ಸಿಟ್ಟು. ಸಾಯಂಕಾಲ ಇಬ್ಬರೂ ಕೂತು ಕಾಯಿ ಬಿಡಿಸಿದೆವು. ಹಿದುಕಿದ ಬೇಳೆ ಸಾರಿಗೆ ಕಾಳು ನೆನೆ ಹಾಕಿ ಮಲಗಿದೆ. ಬೆಳಿಗ್ಗೆ ಅವರು ಕಾಫಿ ಲೋಟ ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ.

ಅಷ್ಟೇ. ಅದಕ್ಕಿಂತ ಹೆಚ್ಚು ಹೇಳುವುದು ಏನೂ ಇಲ್ಲ. ಕಾಳು ನೆನೆದು ಮೊಳಕೆ ಬಂದವು.

ತಿಥಿ ಮುಗಿಯಿತು. ನೆಂಟರು ಹೋದರು. ಕಾರು ಹೋಗಲಿಲ್ಲ.

ನನಗೆ ಶೆಡ್ಡು ಬೇಕಾಗಿತ್ತು. ರಾಗಿ ಮಿಲ್ ಹಾಕುವುದು ಅಂತ ನಿಶ್ಚಯ ಮಾಡಿದ್ದೆ. ನಮ್ಮ ಬೀದಿಯಲ್ಲಿ ಮಿಲ್ ಇಲ್ಲ. ಎಲ್ಲರೂ ಡಬ್ಬ ಹೊತ್ತುಕೊಂಡು ಮೂರು ಬೀದಿ ಆಚೆ ಹೋಗಬೇಕು. ಯಾರ ರಾಗಿ ಹೇಗೆ ಬೀಸಬೇಕು, ಅಕ್ಕಿ ಹಿಟ್ಟಿಗೆ ಕಲ್ಲು ಎಷ್ಟು ಬಿಗಿ ಇರಬೇಕು, ನನಗೆ ಗೊತ್ತು. ಗಂಡ ಹೋದ ಅಂತ ಇನ್ನೊಬ್ಬರ ಮನೆಯ ಮೂಲೆಯಲ್ಲಿ ಕೂರುವ ಹೆಂಗಸು ನಾನಲ್ಲ. ಮಿಲ್ ಬರಬೇಕಾದರೆ ಕಾರು ಹೋಗಬೇಕು. ಕಾರು ಹೋಗಬೇಕಾದರೆ ನಾನು ಮನಸ್ಸು ಗಟ್ಟಿ ಮಾಡಬೇಕು. ಮಾಡಿದೆ.

ಮೊದಲು ಗುಜರಿ ಅಂಗಡಿ ಮುರುಗೇಶನನ್ನು ಕರೆಸಿದೆ. ಅವನು ಜೇಬಿನಿಂದ ಅಯಸ್ಕಾಂತ ತೆಗೆದು ಕಾರಿನ ಬಾಗಿಲಿಗೆ ಹಿಡಿದ. ಅದು ಕೆಳಗೆ ಬಿತ್ತು. ಬಾನೆಟ್ಟಿಗೆ ಹಿಡಿದ. ಬಿತ್ತು. ಕಪ್ಪೆ ಬೆನ್ನಿಗೆ ಹಿಡಿದ. ಅಲ್ಲೂ ಬಿತ್ತು.

"ಅಕ್ಕಾ, ಇದು ಕಬ್ಬಿಣ ಅಲ್ಲ. ಪ್ಲಾಸ್ಟಿಕ್ಕೂ ಅಲ್ಲ. ನಾನು ಯಾವ ರಾಶಿಗೆ ಹಾಕ್ಲಿ?"

"ಯಾವುದಕ್ಕಾದ್ರೂ ಹಾಕು."

"ನನ್ ಅಂಗ್ಡೀಲಿ ಯಾವುದಕ್ಕಾದ್ರೂ ಅನ್ನೋ ರಾಶಿ ಇಲ್ಲ ಅಕ್ಕಾ" ಅಂದು ಹೊರಟೇಹೋದ.

ಆಮೇಲೆ ಕಾರಿನ ಹುಚ್ಚಿರುವ ಹುಡುಗರು ಗುಂಪು ಗುಂಪಾಗಿ ಬಂದರು. ಮಂಡಿಯೂರಿ ಕೂತು ನೋಡಿದರು. ದೇವಸ್ಥಾನದಲ್ಲಿ ಕೂಡ ಅವರು ಹಾಗೆ ಕೂತಿರಲಾರರು.

"ಆಂಟಿ, ಇದು ತುಂಬಾ ರೇರ್."

"ರೇರ್ ಅಂದ್ರೆ?"

"ಎಲ್ಲೂ ಸಿಗಲ್ಲ ಅಂತ."

"ಇಲ್ಲಿ ಸಿಗ್ತಿದೆಯಲ್ಲ. ತಗೊಂಡು ಹೋಗ್ತೀರಾ?"

"ಇಲ್ಲ ಆಂಟಿ. ಒಂದು ಫೋಟೋ ಅಷ್ಟೇ."

ಕೊನೆಗೆ ನನ್ನ ತಮ್ಮ ಮಹದೇವ ಒಬ್ಬರನ್ನು ಹಿಡಿದು ತಂದ. ಇವನು ಸ್ಕೂಲ್ ವ್ಯಾನ್ ಓಡಿಸುತ್ತಾನೆ, ಹತ್ತು ಜನರ ಪರಿಚಯ. ಬಂದವರ ಹೆಸರು ಉದಯಕುಮಾರ್. ಬಸವೇಶ್ವರನಗರದವರು. ಮದುವೆ ಮೆರವಣಿಗೆಗೆ ಗಾಡಿ, ಹೂವು, ಲೈಟು, ವಾದ್ಯ ಎಲ್ಲ ಒದಗಿಸುವ ಗುತ್ತಿಗೆದಾರರು. ಅವರು ಕಾರನ್ನು ಮೂರು ಸುತ್ತು ಬಂದರು. ಬಂದವರ ಕಣ್ಣಲ್ಲೇ ವ್ಯಾಪಾರ ಕುದುರಿದ್ದು ನನಗೆ ಕಾಣಿಸಿತು.

"ಗಾಡಿ ಓಡುತ್ತಾ ಅಮ್ಮ?"

"ಕುದುರೆ" ಅಂದೆ. (ಕುದುರೆ ಕೂಡ ನಿಲ್ಲುತ್ತದೆ. ಸುಳ್ಳು ಹೇಳಿದಂತೆ ಆಗಲಿಲ್ಲ.)

"ಒಂದು ಮದ್ವೆಗೆ ಟ್ರಯಲ್ ನೋಡ್ತೀನಿ. ವಿಜಯನಗರದ ಕರಿಬಸಪ್ಪ ಅಂತ, ಅವರ ಮಗನ ಮೆರವಣಿಗೆ. ಗಣಪತಿ ಗುಡಿಯಿಂದ ಛತ್ರದವರೆಗೆ. ಆದ್ರೆ ಮಧ್ಯೆ ಎಲ್ಲೂ ನಿಲ್ಲಬಾರ್ದು. ಮದುಮಗನ ಗಾಡಿ ನಿಂತ್ರೆ ಆ ಜನ ಅಪಶಕುನ ಅಂತಾರೆ. ನಿಲ್ದೆ ಛತ್ರ ಮುಟ್ಟಿದ್ರೆ ಗಾಡಿ ನಂದು, ನಿಮ್ಮ ಶೆಡ್ಡು ಖಾಲಿ."

ಅವರು ಹೋದ ಮೇಲೆ ಮಹದೇವ ತಲೆ ಕೆರೆದುಕೊಂಡ.

"ಅಕ್ಕಾ, ಓಡಿಸೋದು ನಾನು ಓಡಿಸ್ತೀನಿ. ವೈರ್ ಯಾರು ಹಿಡೀತಾರೆ? ಮೆಕ್ಯಾನಿಕ್‌ಗೆ ತೋರಿಸಿ ಅದನ್ನ ಬಿಚ್ಚಿಸಿಬಿಡೋಣ."

"ಅವರು ಕಟ್ಟಿದ್ದನ್ನ ಬಿಚ್ಚಕ್ಕೆ ಬಿಡಲ್ಲ ನಾನು."

"ಮಾರಕ್ಕೆ ಮಾತ್ರ ಬಿಡ್ತೀಯಾ?"

"ಮಾರೋದು ಬೇರೆ ಕಣೋ, ಬಿಚ್ಚೋದು ಬೇರೆ."

"ಹಂಗಾದ್ರೆ ನನ್ ಫ್ರೆಂಡ್ ಒಬ್ಬನ್ನ ಕೂರಿಸ್ತೀನಿ."

"ಅದು ಕಂಡೋರ ಕೈಗೆ ಬಗ್ಗಲ್ಲ. ನಾನೇ ಬರ್ತೀನಿ."

ಅವನು ನನ್ನ ಹಣೆ ನೋಡಿದ. ಆಮೇಲೆ ನೆಲ ನೋಡಿದ. ಏನು ಹೇಳಲು ಹೊರಟ ಅಂತ ನನಗೆ ತಿಳಿಯಿತು. ಗಂಡ ಹೋದವಳು ಮದುಮಗನ ಗಾಡಿಯಲ್ಲಿ ಕೂತರೆ ಜನ ಸುಮ್ಮನಿರುತ್ತಾರೆಯೇ? ಶಾಸ್ತ್ರ ಸಂಪ್ರದಾಯ ಅವನಿಗಿಂತ ನನಗೆ ಚೆನ್ನಾಗಿ ಗೊತ್ತು. ಯಾವ ಮನೆಯ ಹೊಸಿಲಲ್ಲಿ ಎಷ್ಟು ದೂರ ನಿಲ್ಲಬೇಕು ಅಂತ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ನನ್ನ ಉಪಾಯ ಮೊದಲೇ ತಯಾರಿತ್ತು.

"ಕೂರ್ತೀನಿ ಅಂದ್ನಾ? ಅಡಗ್ತೀನಿ" ಅಂದೆ.

ಉಪಾಯ ಇಷ್ಟೇ. ಮದುಮಗ ಸೀಟಿನಲ್ಲಿ ಕೂರುವುದಿಲ್ಲ. ಜನಕ್ಕೆ ಕಾಣಬೇಕು ಅಂತ ಹಿಂದೆ, ಕಪ್ಪೆ ಬೆನ್ನಿನ ಮೇಲೆ ಕೂತು ಸೀಟಿನ ಮೇಲೆ ಕಾಲಿಡುತ್ತಾನೆ. ಎಡಗಡೆ ಸೀಟಿನ ಮುಂದೆ ಕಾಲು ಇಡುವ ಜಾಗ ಖಾಲಿ. ನಾನು ಅಲ್ಲಿ ಮುದುಡಿ ಕೂರುವುದು. ಮೇಲೆ ಚೆಂಡು ಹೂವಿನ ಪರದೆ. ವಾದ್ಯದ ಗದ್ದಲದಲ್ಲಿ ಯಾರಿಗೆ ಏನು ತಿಳಿಯುತ್ತದೆ? ಶಾಸ್ತ್ರವೂ ಉಳಿಯಿತು, ಶೆಡ್ಡೂ ಖಾಲಿಯಾಯಿತು. ಇಂಥ ತಲೆ ಮಂತ್ರಿಗಳಿಗೂ ಇರುವುದಿಲ್ಲ ಅಂತ ನನಗೆ ಅನಿಸಿತು.

ಸಾಯಂಕಾಲ ಗುಡಿಯ ಹಿಂದೆ ಹೂವಿನವರು ಕಾರಿಗೆ ಹೂವು ಕಟ್ಟಿ ಟೀ ಕುಡಿಯಲು ಹೋದಾಗ ನಾನು ಒಳಗೆ ತೂರಿಕೊಂಡೆ. ತೂರುವುದು ಸುಲಭ ಆಗಲಿಲ್ಲ. ಮಹದೇವ ತಳ್ಳಿದ. ಮಂಡಿ ಗಲ್ಲಕ್ಕೆ ತಾಗಿತು. ಒಂದು ಕೈಯಲ್ಲಿ ವೈರು ಹಿಡಿದೆ.

ಮದುಮಗ ಸಿದ್ದೇಶ ಹತ್ತಿದ. ಪೇಟದ ತುರಾಯಿ, ಕೊರಳಲ್ಲಿ ದಪ್ಪ ಹಾರ ಇದ್ದವಂತೆ. ನನಗೆ ಕಂಡದ್ದು ಅವನ ಎರಡು ಹೊಸ ಚಪ್ಪಲಿ, ಮೂಗಿನ ಮುಂದೆ. ತಮಟೆ ಶುರುವಾಯಿತು. ಗಾಡಿ ಹೊರಟಿತು.

"ಅಕ್ಕಾ, ಎಳಿ" ಅಂದ ಮಹದೇವ, ತುಟಿ ಅಲ್ಲಾಡಿಸದೆ.

"ಎಳೀತಿದೀನಿ ಕಣೋ."

"ಜಾಸ್ತಿ ಆಯ್ತು, ಸ್ವಲ್ಪ ಬಿಡು ಅಕ್ಕಾ."

ಪಕ್ಕದಲ್ಲಿ ನಡೆಯುತ್ತಿದ್ದ ಯಾರೋ ಹೇಳಿದರು. "ನೋಡ್ರೀ, ಆ ಡ್ರೈವರ್ ಗಾಡೀನ ಅಕ್ಕಾ ಅಂತ ಮಾತಾಡಿಸ್ತಾನೆ. ಎಷ್ಟು ಭಕ್ತಿ ಇದೆ ಕಸುಬಿನ ಮೇಲೆ."

ಸ್ವಲ್ಪ ದೂರ ಹೋಗುವಷ್ಟರಲ್ಲಿ ಸಿದ್ದೇಶ ಕಾಲು ಕೆಳಗೆ ಇಳಿಬಿಟ್ಟ. ನನ್ನ ತಲೆಗೆ ತಗುಲಿತು. ಅವನು ಹೂವು ಸರಿಸಿ ಬಗ್ಗಿ ನೋಡಿದ. ಹುಡುಗನ ಮುಖ ಸುಣ್ಣ ಆಯಿತು.

"ಯಾ... ಯಾರು?"

"ಅಲ್ಲಾಡಬೇಡಪ್ಪ. ನಾನು ಗಾಡಿಯವಳು."

"ಗಾಡಿಯವಳು ಅಂದ್ರೆ?"

"ಗಾಡಿಯ ಒಂದು ಪಾರ್ಟು ಅಂದ್ಕೊ. ನಾನು ಬಿಟ್ರೆ ಇದು ನಿಲ್ಲುತ್ತೆ. ಕಾಲು ಮೇಲಿಟ್ಕೊಂಡು ನಗ್ತಾ ಕೂತ್ಕೊ."

ಹುಡುಗ ಒಳ್ಳೆಯವನು. ಕಾಲು ಮೇಲೆ ಇಟ್ಟುಕೊಂಡ. ಜನಕ್ಕೆ ಕೈ ಮುಗಿಯುತ್ತಲೇ ಹಲ್ಲು ಬಿಗಿಹಿಡಿದು ಮಾತಾಡಿದ.

"ಆಂಟಿ, ನನಗೆ ಭಯ ಆಗ್ತಿದೆ."

"ಗಾಡಿ ಬೀಳಲ್ಲ."

"ಗಾಡಿ ಅಲ್ಲ. ಮದ್ವೆ."

"ಮದ್ವೆ ದಿನ ಭಯ ಪಡ್ಬೇಡ. ಅದಕ್ಕೆ ಆಮೇಲೆ ಬೇಕಾದಷ್ಟು ಹೊತ್ತು ಸಿಗುತ್ತೆ."

"ನಿಮ್ಮ ಯಜಮಾನ್ರ ಜೊತೆ ಜಗಳ ಆಗುತ್ತಾ?"

"ದಿನಾ. ಸಾಯೋ ಹಿಂದಿನ ದಿನಾನೂ ಆಗಿತ್ತು."

ಅವನು ಇನ್ನೊಂದು ಬದಿಯ ಜನಕ್ಕೆ ಕೈ ಮುಗಿದ. "ಯಾಕೆ ಜಗಳ?" ಅಂದ.

"ಈ ವೈರಿಗೆ."

ಮಾರ್ಕೆಟ್ ರಸ್ತೆಗೆ ಬಂದೆವು. ಅಲ್ಲಿಂದ ಛತ್ರದ ದೀಪ ಕಾಣುತ್ತಿದೆ ಅಂತ ಮಹದೇವ ಹೇಳಿದ. ನಾನು ಮನಸ್ಸಿನಲ್ಲೇ ಶೆಡ್ಡಿಗೆ ಮಿಲ್ ತಂದು ನಿಲ್ಲಿಸಿದೆ. ಬಾಗಿಲಿಗೆ ಬೋರ್ಡು ಕೂಡ ಹಾಕಿದೆ. ಅಷ್ಟರಲ್ಲಿ ಬೀದಿಯ ಎರಡೂ ಕಡೆಯಿಂದ ಜನ ಅಕ್ಷತೆ ಎರಚಿದರು. ಮೇಲಿನ ಮನೆಗಳಿಂದ ಹೂವಿನ ಎಸಳು ಚೆಲ್ಲಿದರು. ಚೆಂಡು ಹೂವಿನ ಪುಡಿ ನನ್ನ ಮೂಗಿಗೆ ಇಳಿಯಿತು. ತಡೆದೆ. ಇನ್ನೂ ತಡೆದೆ. ಸರಿಯಾಗಿ ತಮಟೆಯವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಆ ಒಂದು ಕ್ಷಣದಲ್ಲಿ ಸೀನಿದೆ.

ಒಂದೇ ಸೀನು. ನನ್ನ ಸೀನು ಸಣ್ಣದಲ್ಲ.

ಮೆರವಣಿಗೆ ಕಂಬದ ಹಾಗೆ ನಿಂತಿತು. ಒಂಟಿ ಸೀನು ಅಂದರೆ ಗೊತ್ತಲ್ಲ? ಒಂದು ಸೀನಿದರೆ ಅಪಶಕುನ, ಜೋಡಿ ಸೀನಿದರೆ ಶುಭ. ಹೊರಟ ಕೆಲಸ ಹೊರಟಲ್ಲೇ ನಿಲ್ಲಬೇಕು, ಇನ್ನೊಂದು ಸೀನು ಬರುವವರೆಗೆ.

"ಯಾರು ಸೀನಿದ್ದು?" ಅಂದರು ಮದುಮಗನ ಅಪ್ಪ ಕರಿಬಸಪ್ಪ.

"ನಾನಪ್ಪ" ಅಂದ ಸಿದ್ದೇಶ.

"ಹೆಣ್ಣಿನ ದನಿ ಇತ್ತಲ್ಲೋ."

"ನೆಗಡಿ ಅಪ್ಪ."

"ಹಂಗಾದ್ರೆ ಇನ್ನೊಂದು ಸೀನು. ಬೇಗ."

ಹುಡುಗ ಪ್ರಯತ್ನ ಮಾಡಿದ. ಬಾಯಲ್ಲಿ ಬರೀ ಗಾಳಿ ಬಂತು. ಹಿಂದೆ ಬಸ್ಸಿನವನು ಹಾರನ್ ಹೊಡೆಯುತ್ತಿದ್ದ. ಗಾಡಿ ಮುಂದೆ ಹೋಗುವಂತಿಲ್ಲ, ಇಂಜಿನ್ ನಿಲ್ಲುವಂತಿಲ್ಲ, ನಾನು ವೈರು ಬಿಡುವಂತಿಲ್ಲ. ಬೆರಳಿಗೆ ಜೋಮು ಹಿಡಿಯಿತು. ಕೊನೆಗೆ ತಮಟೆಯ ಹಿರಿಯ ಸೊಂಟದಿಂದ ನಶ್ಯದ ಡಬ್ಬಿ ತೆಗೆದು ಮದುಮಗನ ಕೈಗೆ ಕೊಟ್ಟ. ಮದುಮಗ ಅದನ್ನು ಹೂವಿನ ಸಂದಿಯಿಂದ ಕೆಳಗೆ ನನಗೆ ದಾಟಿಸಿದ.

"ಆಂಟಿ, ನಿಮ್ ಸೀನು, ನೀವೇ ಮುಗಿಸಿ."

ನಾನು ಜನ್ಮದಲ್ಲಿ ನಶ್ಯ ಮುಟ್ಟಿದವಳಲ್ಲ. ಎಷ್ಟು ಹಾಕಬೇಕು ಅಂತ ಯಾರೂ ಹೇಳಲಿಲ್ಲ. ರಾಗಿ ಹಿಟ್ಟು ಹಿಡಿದ ಹಾಗೆ ಹಿಡಿದು ಏರಿಸಿದೆ.

ಎರಡನೇ ಸೀನು ಬಂತು. ಜನ ಹೋ ಅಂದರು, ತಮಟೆ ಎದ್ದಿತು. ಆಮೇಲೆ ಮೂರನೆಯದು ಬಂತು. ತಮಟೆ ನಿಂತಿತು. ನಾಲ್ಕನೆಯದು ಬಂತು. ತಮಟೆ ಎದ್ದಿತು. ಆಮೇಲೆ ನನಗೂ ಲೆಕ್ಕ ತಪ್ಪಿತು. ವೈರು ಕೈಯಿಂದ ಯಾವಾಗ ಜಾರಿತೋ ಗೊತ್ತಿಲ್ಲ. ಕಾರೂ ಒಂದು ಸಲ ಸೀನಿತು, ಸತ್ತಿತು.

ಹಿರಿಯರು ಜಗಳಕ್ಕೆ ನಿಂತರು.

"ಎಂಟು. ಜೋಡಿ ಆಯ್ತು, ನಡೀರಿ."

"ಎಲ್ಲಿ ಎಂಟು? ಏಳು."

"ಮೊದ್ಲಿನ ಸೀನು ಸೇರಿಸಿ ಹೇಳ್ತೀರೋ, ಬಿಟ್ಟು ಹೇಳ್ತೀರೋ?"

"ಕೊನೇದು ಕಾರು ಸೀನಿದ್ದು. ಅದನ್ನ ಹಿಡೀಬಾರ್ದು."

ಈ ಗಲಾಟೆಯ ಮಧ್ಯೆ ಒಂದು ಮುದಿ ಕೈ ಹೂವಿನ ಪರದೆಯನ್ನು ಎರಡು ಪಾಲು ಮಾಡಿತು. ಮದುಮಗನ ಅಜ್ಜಿ ಲಿಂಗಮ್ಮ. ಚಿತ್ರದುರ್ಗದ ಕಡೆಯವರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಆರತಿ ತಟ್ಟೆ.

"ಯಾಕವ್ವಾ, ಅಲ್ಲಿ ಕುಂತೀ?"

ನನ್ನ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ಆದರೂ ಹೇಳಬೇಕಾದ್ದನ್ನು ಹೇಳಿದೆ.

"ನಾನು ಯಜಮಾನ್ರನ್ನ ಕಳ್ಕೊಂಡವಳು ಅಮ್ಮ. ಶುಭ ಕಾರ್ಯದಲ್ಲಿ ಎದುರಿಗೆ ಬರಬಾರ್ದು ಅಂತ ಕೆಳಗೆ ಕೂತೆ. ಈ ವೈರು ಹಿಡೀದೆ ಇದ್ರೆ ಗಾಡಿ ಓಡಲ್ಲ."

ಅಜ್ಜಿ ನನ್ನನ್ನೇ ನೋಡಿದರು.

"ನಾನೇನು ಗಂಡನ್ನ ಟ್ರಂಕಿನಾಗ ಇಟ್ಕಂಡು ಬಂದೀನಾ? ಅವರು ಹೋಗಿ ಇಪ್ಪತ್ತು ವರ್ಷ ಆತು. ಈ ದಿಬ್ಬಣದ ಆರತಿ ಎಲ್ಲಾ ನಾನೇ ಎತ್ತಿದ್ದು. ಗುಡಿ ಬಾಗಿಲಾಗೂ ನಾನೇ ಎತ್ತಿದೆ. ಕಾಣಲಿಲ್ಲೇನು?"

"ಕೆಳಗಿದ್ದೆ ಅಮ್ಮ. ಚಪ್ಪಲಿ ಮಾತ್ರ ಕಾಣ್ತಿತ್ತು."

"ಮ್ಯಾಲೆ ಏಳು. ಸೀನಿನ ಲೆಕ್ಕ ಆಮ್ಯಾಲೆ ಮಾಡ್ತಾರ ಅವರು."

ಏಳಲು ಆಗಲಿಲ್ಲ. ಕಾಲು ಎರಡೂ ಜೋಮು. ಮದುಮಗ ಒಂದು ಕೈ ಹಿಡಿದ, ಮಹದೇವ ಇನ್ನೊಂದು ಕೈ ಹಿಡಿದ. ಪಡವಲಕಾಯಿ ಎಳೆದ ಹಾಗೆ ನನ್ನನ್ನು ಎಳೆದು ಸೀಟಿನ ಮೇಲೆ ಕೂರಿಸಿದರು. ಕೂದಲ ತುಂಬ ಹೂವಿನ ಎಸಳು, ಮೂಗಿನ ಕೆಳಗೆ ನಶ್ಯ. ಇಡೀ ಮಾರ್ಕೆಟ್ ರಸ್ತೆ ನೋಡಿತು. ಬಸ್ಸಿನ ಕಿಟಕಿಗಳಿಂದ ಫೋನುಗಳು ಹೊರಗೆ ಬಂದವು. ಯಾರೂ ಮುಖ ತಿರುಗಿಸಲಿಲ್ಲ. ಇಷ್ಟು ಹೊತ್ತು ಯಾರಿಗೆ ಹೆದರಿ ಮಂಡಿಯನ್ನು ಗಲ್ಲಕ್ಕೆ ಕಟ್ಟಿಕೊಂಡು ಕೂತಿದ್ದೆ ಅಂತ ನನಗೇ ತಿಳಿಯಲಿಲ್ಲ.

ಕಾರು ಮತ್ತೆ ಸ್ಟಾರ್ಟ್ ಆಯಿತು. ನಾನು ನೆಟ್ಟಗೆ ಕೂತು ವೈರು ಹಿಡಿದೆ. ಜನ ಮದುಮಗನಿಗೆ ಅಕ್ಷತೆ ಎರಚಿದರು. ಅವನು ಮೇಲೆ, ನಾನು ಕೆಳಗೆ. ಅರ್ಧ ನನ್ನ ಮೇಲೇ ಬಿತ್ತು.

ಛತ್ರದ ಮುಂದೆ ಉದಯಕುಮಾರ್ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಗಾಡಿ ಮಧ್ಯೆ ನಿಂತ ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮಿಲ್ ಕೈ ತಪ್ಪಿತು ಅಂದುಕೊಂಡೆ. ಆದರೂ ಬಗ್ಗಲಿಲ್ಲ.

"ಗಾಡಿ ಕುದುರೆ ಅಂತ ಹೇಳಿದ್ದೆ. ಸವಾರನೂ ಬೇಕು ಅಂತ ಹೇಳೋದು ಮರೆತಿದ್ದೆ" ಅಂದೆ.

"ಗಾಡಿ ಬೇಕು ಅಮ್ಮ" ಅಂದರು.

ನಾನು ಮಹದೇವನ ಕಡೆ ಗೆದ್ದವಳ ಹಾಗೆ ನೋಡಿದೆ.

"ಆದ್ರೆ ಗಾಡಿ ಒಂದೇ ಬೇಡ. ನೀವೂ ಬರ್ಬೇಕು. ಮದುಮಗನ ಕಾಲ ಕೆಳಗಿಂದ ನೀವು ಎದ್ದ ವಿಡಿಯೋ ಆಗಲೇ ಎಲ್ಲರ ಫೋನಲ್ಲೂ ಓಡಾಡ್ತಿದೆ. ಎರಡು ಪಾರ್ಟಿ ಕೇಳಿದ್ರು, ಆ ಅಜ್ಜಿ ಇರೋ ಕಾರೇ ಬೇಕು ಅಂತ."

"ಯಾರು ಅಜ್ಜಿ?"

"ಇನ್ನೊಂದು ಮಾತು. ನನ್ ಗೋಡೌನು ತುಂಬಿಹೋಗಿದೆ. ಗಾಡಿ ನಿಮ್ಮ ಶೆಡ್ಡಲ್ಲೇ ಇರ್ಲಿ."

ಮಹದೇವ ಕಾರಿನಲ್ಲೇ ಉಳಿದಿದ್ದ ನಮ್ಮವರ ಕಪ್ಪು ಕನ್ನಡಕ ಹಾಕಿಕೊಂಡು ಆ ಕಡೆ ತಿರುಗಿದ. ಅವನ ಬೆನ್ನು ಅಲ್ಲಾಡುತ್ತಿತ್ತು. ನಗುತ್ತಿದ್ದ.

ಈಗ ಲಗ್ನ ಇದ್ದ ದಿನವೆಲ್ಲ ನನಗೆ ಕೆಲಸ. ಕೆಂಗೇರಿವರೆಗೂ ಹೋಗಿ ಬಂದಿದ್ದೇನೆ. ರೇಷ್ಮೆ ಸೀರೆ ಉಟ್ಟುಕೊಂಡು ನೆಟ್ಟಗೆ ಕೂರುತ್ತೇನೆ. ಬೀದಿಯ ಕೊನೆ ಮನೆಯ ಸುಮಾ ರಾಗಿ ಮಿಲ್ ಹಾಕಿದಳು. ಉಪಾಯ ನನ್ನದು, ಬೋರ್ಡು ಅವಳದು. ನಾನೇ ಡಬ್ಬ ಹೊತ್ತುಕೊಂಡು ಅವಳಲ್ಲಿಗೆ ಹೋಗುತ್ತೇನೆ. ಹಿಟ್ಟು ದಪ್ಪ ಬೀಸುತ್ತಾಳೆ. ಹೇಳಿದರೆ, "ಆಂಟಿ, ನಿಮ್ ಶೆಡ್ಡಲ್ಲೇ ಒಂದು ಹಾಕ್ಬಹುದಿತ್ತಲ್ಲ" ಅನ್ನುತ್ತಾಳೆ.

ಮದುವೆ ಇರಲಿ ಬಿಡಲಿ, ಬೆಳಿಗ್ಗೆ ಎದ್ದ ತಕ್ಷಣ ಶೆಡ್ಡಿಗೆ ಇಳಿಯುತ್ತೇನೆ. ಸಣ್ಣ ಪೊರಕೆ ಹಿಡಿದು ಕಾರಿನ ಒಳಗೆ ಗುಡಿಸುತ್ತೇನೆ. ಸೀಟಿನ ಸಂದಿಯಲ್ಲಿ, ಬಾಗಿಲಿನ ಮೂಲೆಯಲ್ಲಿ ಅಕ್ಷತೆ ಕಾಳು ಸೇರಿಕೊಂಡಿರುತ್ತದೆ. ನಿನ್ನೆ ಪೂರ್ತಿ ತೆಗೆದೆ ಅಂದುಕೊಂಡರೂ ಇವತ್ತು ಒಂದಿಷ್ಟು ಸಿಗುತ್ತದೆ. ಮೊರಕ್ಕೆ ಹಾಕಿಕೊಂಡು ತಾರಸಿಗೆ ಹೋಗಿ ಪಾರಿವಾಳಗಳಿಗೆ ಚೆಲ್ಲುತ್ತೇನೆ. ಅವು ಅರಿಶಿನ ಅಂತ ನೋಡುವುದಿಲ್ಲ. ತಿನ್ನುತ್ತವೆ.